ನೆಲಕ್ಕೆ ಕೂಡುವ ಹಠ

ಪೆನ್ನಿನ ಮುಚ್ಚಳ ಕೈಜಾರಿ ಬಿದ್ದಾಗ ಅದು ಕೈಗೆಟಕುವ ಕಡೆ ಬಿದ್ದದ್ದನ್ನು ನಾನು ಈವರೆಗೆ ಕಂಡಿಲ್ಲ. ಉರುಳುತ್ತ ಹೋಗಿ, ಮೇಜಿನ ಕೆಳಗಿನ ಅತಿ ದುರ್ಗಮವಾದ ಮೂಲೆಯನ್ನು ಆರಿಸಿಕೊಂಡು, ಅಲ್ಲಿ ನಿಶ್ಚಿಂತೆಯಿಂದ ವಿಶ್ರಮಿಸುತ್ತದೆ. ನಿಮಗೂ ಇದು ಅನುಭವಕ್ಕೆ ಬಂದಿರಬೇಕು. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಅಧೀಕ್ಷಕನಾಗಿರುವ ನಾನು, ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಅಂಥದೊಂದು ಮುಚ್ಚಳವನ್ನು ಹೆಕ್ಕಲು ಬಾಗಿದವನು ಅರ್ಧದಾರಿಯಲ್ಲೇ ನಿಂತುಬಿಟ್ಟೆ. ಕೆಳಗೆ ಹೋಗಲು ಮೊಣಕಾಲು ಒಪ್ಪದು, ಮೇಲೆ ಬರಲು ಸೊಂಟ ಒಪ್ಪದು. ಮೇಜಿನ ಅಂಚು ಹಿಡಿದು ತ್ರಿಶಂಕುವಾಗಿ ನಿಂತಿದ್ದಾಗ ಸಹಿಗೆಂದು ಬಂದ ಸಹೋದ್ಯೋಗಿಯೊಬ್ಬರು, “ಯಾರಿಗ್ರಿ ಸರ, ಇಷ್ಟ ಬಾಗಿ ನಮಸ್ಕಾರ?” ಎಂದು ಕೇಳಿ, ಮುಚ್ಚಳವನ್ನು ತಾವೇ ತೆಗೆದುಕೊಟ್ಟರು.

ಮಾತು ಇಷ್ಟೇ ಆಗಿದ್ದರೆ ಮುಚ್ಚಳವಿಲ್ಲದ, ಒತ್ತಿ ಬರೆಯುವ ಪೆನ್ನೊಂದನ್ನು ಕೊಂಡು ನಾನು ಉಳಿದ ಎರಡು ವರ್ಷಗಳ ಸೇವೆಯನ್ನು ನಿರಾತಂಕವಾಗಿ ಮುಗಿಸುತ್ತಿದ್ದೆ. ಆದರೆ ಅದೇ ವಾರ ಇನ್ನೊಂದು ಪ್ರಸಂಗ ನಡೆಯಿತು. ನಮ್ಮದು ಬೌದ್ಧ ಮನೆತನ. ಅಮರಗೋಳದ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ನಮ್ಮವರೆಲ್ಲ ಸೇರಿ ಕಟ್ಟಿಕೊಂಡ ಒಂದು ಪುಟ್ಟ ವಿಹಾರವಿದೆ. ರವಿವಾರ ಬೆಳಿಗ್ಗೆ ನಾಲ್ವತ್ತು ಮಂದಿ ಜಮಖಾನೆಯ ಮೇಲೆ ಕೂತು ಬುದ್ಧವಂದನೆ ಹೇಳುತ್ತೇವೆ. ಹೇಳಿಸುವವರೂ ಅದೇ ಜಮಖಾನೆಯ ಮೇಲೆ ಎಲ್ಲರಿಗೂ ಎದುರಾಗಿ ಕೂಡುತ್ತಾರೆ. ನಾನು ಮಾತ್ರ ಬಾಗಿಲ ಬಳಿ, ಬಾಣಂತಿಯರಿಗೂ ಹಣ್ಣುಹಣ್ಣು ಮುದುಕರಿಗೂ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದನ್ನು ಖಾಯಂ ಮಾಡಿಕೊಂಡಿದ್ದೆ. ಬಹಳ ವರ್ಷಗಳಿಂದ ವಂದನೆ ಹೇಳಿಸುತ್ತಿದ್ದ ನಿವೃತ್ತ ಹೆಡ್‌ಮಾಸ್ತರಿಣಿಯೊಬ್ಬರು ಕಾರ್ತಿಕದ ಒಂದು ರವಿವಾರ, ತಮ್ಮ ಗಂಟಲು ಇನ್ನು ಸಾಕೆನ್ನುತ್ತಿದೆ, ಬರುವ ವೈಶಾಖ ಹುಣ್ಣಿಮೆಯಿಂದ ಈ ಕೆಲಸ ನನ್ನದೆಂದು ಎಲ್ಲರೆದುರು ಘೋಷಿಸಿದರು. ಸುತ್ತೋಲೆಗಳನ್ನು ಓದಿ ಓದಿ ನನ್ನ ದನಿಗೆ ಒಂದು ಗಾಂಭೀರ್ಯ ಬಂದಿದೆಯೆಂಬುದು ಅವರು ಕೊಟ್ಟ ಕಾರಣ. ಕೂಡಲೇ ಯಾರೋ ಹಿತೈಷಿಗಳು, “ಮುಂದ ಒಂದ ಕುರ್ಚಿ ಹಾಕಿದ್ರಾತ ಬಿಡ್ರಿ, ಸರಗ ಕೆಳಗ ಕೂಡಾಕ ಬರೂದಿಲ್ಲ” ಎಂದರು.

ಆ ಮಾತು ನನಗೆ ಚುಚ್ಚಿತು. ನಾಲ್ವತ್ತು ಮಂದಿ ನೆಲದ ಮೇಲಿರುವಾಗ ಅವರೆದುರು ನಾನೊಬ್ಬ ಕುರ್ಚಿಯಲ್ಲಿ ಮೇಲೆ! ಯಾರೂ ಯಾರಿಗಿಂತ ಮೇಲೆ ಕೂಡಬಾರದೆಂದೇ ಅಲ್ಲವೇ ನಾವು ಆ ಜಮಖಾನೆ ಹಾಸಿದ್ದು? ಹಿಂದಿನ ಗೋಡೆಗೆ ಆತುಕೊಂಡ ಕುರ್ಚಿ ಬರೀ ಅನುಕೂಲ. ಅದನ್ನೇ ಮುಂದಕ್ಕೆ ತಂದಿಟ್ಟರೆ ಸಿಂಹಾಸನ. ವೈಶಾಖಕ್ಕೆ ಇನ್ನೂ ಆರು ತಿಂಗಳಿದ್ದವು. ಅಷ್ಟರೊಳಗೆ ನೆಲಕ್ಕೆ ಕೂತೇ ವಂದನೆ ಹೇಳಿಸುತ್ತೇನೆ, ಇಲ್ಲವಾದರೆ ಹೇಳಿಸುವುದೇ ಇಲ್ಲ ಎಂದು ಅಲ್ಲಿಯೇ ನುಡಿದುಬಿಟ್ಟೆ. ಹಠಯೋಗದಲ್ಲಿ ಯೋಗ ನನಗೆ ಗೊತ್ತಿರಲಿಲ್ಲವಾದರೂ ಹಠ ವಂಶಪಾರಂಪರ್ಯವಾಗಿ ಬಂದಿತ್ತು.

ನಮ್ಮ ನೆಲದಲ್ಲಿ ಹುಟ್ಟಿ ಬೆಳೆದವನಿಗೆ ನೆಲಕ್ಕೆ ಕೂಡಲು ಬಾರದೆಂದರೆ ನೀವು ನಗಬಹುದು. ಇದಕ್ಕೆ ಕಾರಣ ನನ್ನ ಅಪ್ಪ. ಅವರು ಹುಡುಗರಾಗಿದ್ದಾಗ ಸಾಲಿಯ ಒಳಗೆ ಕೂತವರಲ್ಲ; ಹೊರಗೆ, ಎಲ್ಲರೂ ಚಪ್ಪಲಿ ಬಿಡುವ ಕಡೆ ಕೂತು ಅಕ್ಷರ ಕಲಿತವರು. ‘ಕೆಳಗ ಕೂಡು’ ಎಂಬುದು ಅವರಿಗೆ ಸಿಕ್ಕ ಮೊದಲ ಪಾಠ. ಮುಂದೆ ತಾವೇ ಮಾಸ್ತರರಾಗಿ ಮೊದಲ ಪಗಾರ ಕೈಗೆ ಬಂದ ದಿನ ಅವರು ಮನೆಗೆ ತಂದದ್ದು ಎರಡು ಕಟ್ಟಿಗೆಯ ಕುರ್ಚಿ. ಅಂದಿನಿಂದ ನಮ್ಮ ಮನೆಯಲ್ಲಿ ನೆಲಕ್ಕೆ ಕೂಡುವುದು ನಿಷಿದ್ಧವಾಯಿತು. ಊಟ ಕುರ್ಚಿಯಲ್ಲಿ, ಓದು ಕುರ್ಚಿಯಲ್ಲಿ, ಬಳ್ಳೊಳ್ಳಿ ಸುಲಿಯುವುದೂ ಕುರ್ಚಿಯಲ್ಲಿ. ಬಂದವರು ಸಂಕೋಚದಿಂದ ಹೊಸ್ತಿಲ ಬಳಿ ಕುಕ್ಕರಿಸಿದರೆ ಅಪ್ಪ ಎದ್ದು ಹೋಗಿ ರಟ್ಟೆ ಹಿಡಿದು, “ಮ್ಯಾಲ ಕೂಡ್ರಿ” ಎಂದು ಕುರ್ಚಿಗೆ ತಂದು ಕೂಡಿಸುತ್ತಿದ್ದರು. ಉಳಿದ ಕೂಸುಗಳು ಅಂಬೆಗಾಲಿಟ್ಟ ಮೇಲೆ ನಿಲ್ಲಲು ಕಲಿಯುತ್ತವೆ. ನಾನಂತೂ ಅಂಬೆಗಾಲಿಟ್ಟವನು ನೇರ ಕುರ್ಚಿ ಹತ್ತಿದೆ. ನೌಕರಿಯಲ್ಲೂ ನನ್ನದು ಕುರ್ಚಿಗಳ ಚರಿತ್ರೆಯೇ: ಮೊದಲು ಕೈಯಿಲ್ಲದ್ದು, ಆಮೇಲೆ ಕೈಯಿದ್ದದ್ದು, ಕೊನೆಗೆ ತಿರುಗುವಂಥದ್ದು. ಕೈಯಿರುವ ಕುರ್ಚಿ ಸಿಕ್ಕಿತೆಂದು ತಿಳಿಸಿದ ದಿನ ಅಪ್ಪ ಓಣಿಗೆಲ್ಲ ಪೇಢೆ ಹಂಚಿದ್ದರು.

ಹೀಗೆ ನಿರಕ್ಷರಿಯಾಗಿಯೇ ಉಳಿದ ಮೊಣಕಾಲುಗಳನ್ನು ಸಾಲಿಗೆ ಹಚ್ಚಲು ನಾನು ಹೊರಟೆ. ಹುಬ್ಬಳ್ಳಿ ಧಾರವಾಡಗಳ ನಡುವೆ ಇರುವ ನಮ್ಮಂಥವರಿಗೆ ಎರಡೂ ಊರು ನಮ್ಮವೇ ಎಂಬ ಸೌಕರ್ಯವಿದೆ. ಎರಡೂ ಕಡೆಯವರು ನಮ್ಮನ್ನು ಆಚೆ ಊರಿನವರೆಂದೇ ಎಣಿಸುತ್ತಾರೆಂಬುದು ಬೇರೆ ಮಾತು. ಮೊದಲು ಹುಬ್ಬಳ್ಳಿಗೆ ಹೋದೆ. ಕನ್ನಡಿಯ ಗೋಡೆಗಳ ಒಂದು ದೊಡ್ಡ ಹಾಲು, ಕಿವಿಗೆ ಮೈಕು ಸಿಗಿಸಿಕೊಂಡ ತರುಣ ಗುರು, ಎದೆ ನಡುಗಿಸುವ ಸಂಗೀತ. ಹುಬ್ಬಳ್ಳಿ ವ್ಯಾಪಾರಸ್ಥರ ಊರು, ಅಲ್ಲಿ ಮೋಕ್ಷವೂ ಗಿರಾಕಿ ಕಾಯದಂತೆ ಲಗೂನೆ ಸಿಗಬೇಕು. ಉಳಿದವರು ಐದನೆಯ ಆಸನದಲ್ಲಿದ್ದಾಗ ನಾನು ಮೂರನೆಯದರಲ್ಲಿ ಒಂದು ಕಾಲನ್ನು ಹುಡುಕುತ್ತಿದ್ದೆ. ಸುತ್ತಲಿನ ಕನ್ನಡಿಗಳಲ್ಲಿ ನನ್ನಂಥವರು ಹದಿನಾರು ಮಂದಿ ಅದೇ ಸ್ಥಿತಿಯಲ್ಲಿರುವುದನ್ನು ನೋಡಿ ಧೈರ್ಯ ತಂದುಕೊಂಡೆನಾದರೂ, ಅವರೆಲ್ಲ ನಾನೇ ಎಂದು ತಿಳಿದ ಮೇಲೆ ಆ ಹಾಲಿಗೆ ಮತ್ತೆ ಹೋಗಲಿಲ್ಲ.

ಆಮೇಲೆ ಧಾರವಾಡದ ಒಂದು ಉದ್ಯಾನ. ಅಲ್ಲಿ ಅವಸರವೆಂಬುದೇ ಇಲ್ಲ. ನಿವೃತ್ತ ಪ್ರಾಧ್ಯಾಪಕರೊಬ್ಬರು ಬೇವಿನ ಮರದ ಕೆಳಗೆ ನಿಂತು ಒಂದು ಆಸನದ ತಾತ್ಪರ್ಯವನ್ನು ಮುಕ್ಕಾಲು ಗಂಟೆ ವಿವರಿಸುತ್ತಾರೆ, ಶಿಷ್ಯರು ಆಕ್ಷೇಪಗಳನ್ನು ಎತ್ತುತ್ತಾರೆ, ಅವಕ್ಕೆ ಸಮಾಧಾನ ದೊರೆಯುವಷ್ಟರಲ್ಲಿ ಬಿಸಿಲೇರಿ ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ಮೂರು ವಾರ ಹೋದೆ. ನನ್ನ ಜ್ಞಾನ ಬಹಳ ಬಾಗಿತು, ಮೊಣಕಾಲು ಮಾತ್ರ ಇದ್ದಲ್ಲೇ ಇತ್ತು. ಬಿಡುವಾಗ ನಿಜಕ್ಕೂ ಬೇಸರವಾಯಿತು, ಚಹಾ ಛಲೋ ಇತ್ತು.

ಮೂರನೆಯದು ಅದೇ ಊರಿನ ಒಬ್ಬ ಸದ್ಗೃಹಸ್ಥರ ಮನೆಯ ಮಹಡಿ. ಶಾಂತ ಸ್ವಭಾವದ, ಹಿತಮಿತ ಮಾತಿನ ಗುರುಗಳು. ಮೊದಲ ದಿನವೇ ಕಾಲು ಮಡಚುವ ಒಂದು ಸುಲಭೋಪಾಯ ತೋರಿಸಿದರು. ನಾಲ್ಕು ಬೆರಳಷ್ಟು ನೆಲಕ್ಕೆ ಹತ್ತಿರವಾದೆ. ಹೊರಡುವಾಗ, ನಮ್ಮ ಕಡೆ ಊರು ಕೇಳಿದಷ್ಟೇ ಸಹಜವಾಗಿ, “ಮನಿ ದೇವ್ರು ಯಾವ್ದ್ರಿ ನಿಮ್ದು?” ಎಂದು ಕೇಳಿದರು. ನಮಗೆ ಬುದ್ಧನೇ ಎಲ್ಲ ಎಂದೆ. ಛಲೋ ಆತು ಎಂದರು. ಮರುದಿನ ಹೋದಾಗ ನನ್ನ ಚಾಪೆ ನಡುವಿನಿಂದ ಬಾಗಿಲ ಬಳಿಗೆ ಸರಿದಿತ್ತು. “ಇಲ್ಲೆ ಗಾಳಿ ಭಾಳ ಬರ್ತದ, ನಿಮಗ ಅನುಕೂಲ” ಎಂದು ಅವರು ನಗುಮುಖದಿಂದಲೇ ಹೇಳಿದರು. ಅಲ್ಲಿ ಗಾಳಿ ಬರುತ್ತಿದ್ದದ್ದು ಖರೇ. ಅವರ ಮನಸ್ಸಿನಲ್ಲಿ ಬರೀ ಗಾಳಿಯೇ ಇದ್ದಿರಲೂಬಹುದು. ಆದರೆ ಇಂಥದನ್ನು ಪರೀಕ್ಷಿಸಿ ನೋಡುತ್ತ ಕೂಡುವ ವ್ಯವಧಾನ ನನ್ನಲ್ಲಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಚಾಪೆ ಸುತ್ತಿಕೊಂಡು ಕೆಳಗಿಳಿದೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅಮರಗೋಳದವರೆಗೆ ನಿಂತೇ ಬಂದೆ.

ಸಂಕ್ರಾಂತಿ ಕಳೆದಿತ್ತು. ಇನ್ನು ಬಿಟ್ಟುಬಿಡೋಣವೇ ಎಂದು ಒಂದು ದಿನ ಅನ್ನಿಸಿದ್ದು ನಿಜ, ಮರುದಿನ ಬೆಳಿಗ್ಗೆ ರಾಯಾಪುರದ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯ ಮೆಟ್ಟಿಲು ಹತ್ತುತ್ತಿದ್ದೆ. ಅಲ್ಲಿ ಕಲಿಸುವವರು ಸರ್ಕಾರಿ ಸಾಲಿಯೊಂದರ ಆಟದ ಶಿಕ್ಷಕಿ, ಮಹಾದೇವಿ ಟೀಚರ್. ಕೆಳಗೆ ಗಿರಣಿ ಶುರುವಾದರೆ ಶವಾಸನದಲ್ಲಿದ್ದವರ ಬೆನ್ನು ಗಡಗಡ ನಡುಗುತ್ತದೆ; ಮೆಣಸಿನಕಾಯಿ ಬೀಸುವ ದಿನ ಪ್ರಾಣಾಯಾಮ ಸಾಮೂಹಿಕ ಸೀನಿನಲ್ಲಿ ಸಮಾಪ್ತಿಯಾಗುತ್ತದೆ. ಕನ್ನಡಿಯಿಲ್ಲ, ಪ್ರವಚನವಿಲ್ಲ, ದೇವರ ವಿಚಾರಣೆಯಿಲ್ಲ. ಟೀಚರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ಕುರ್ಚಿ ತಂದಿಟ್ಟು, “ಇದರ ಮ್ಯಾಲ ಕೂತು ಮಾಡ್ರಿ ಸರ, ನಿಮ್ಮ ವಯಸ್ಸಿನವ್ರಿಗೆ ಕುರ್ಚಿ ಯೋಗ ಅಂತ ಬಂದೇತಿ” ಎಂದರು. ಕುರ್ಚಿಯಿಂದ ಪಾರಾಗಲು ಎರಡು ಊರು ಸುತ್ತಿದವನಿಗೆ ಮತ್ತೆ ಕುರ್ಚಿ! ಆ ಬೇಸರದಲ್ಲಿ ಅಪ್ಪನ ಕುರ್ಚಿಗಳಿಂದ ಹಿಡಿದು ವೈಶಾಖ ಹುಣ್ಣಿಮೆಯವರೆಗೆ ಎಲ್ಲವನ್ನೂ ಅವರೆದುರು ಸುರಿದುಬಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು ಕುರ್ಚಿಯನ್ನು ತಾವೇ ಹೊರಗಿಟ್ಟು ಬಂದರು. ಬಳಿಕ ಗೋಡೆ ಹಿಡಿದು ಮೂರು ಸಲ ಇಳಿದು ಏಳಲು ಹೇಳಿದರು.

“ಮೊಣಕಾಲು ಬಿಗದಾವು, ಆದ್ರ ಕೆಟ್ಟಿಲ್ರಿ ಸರ” ಎಂದರು ಕೊನೆಗೆ. “ನೀವು ಕೆಳಗ ಇಳಿಯೂ ಮುಂದ ಉಸಿರು ಹಿಡೀತೀರಿ. ಸುತ್ತ ಒಮ್ಮೆ ನೋಡ್ತೀರಿ, ಯಾರರ ನೋಡಾಕತ್ತಾರೇನೋ ಅನ್ನೂಹಂಗ. ಮೂರೂ ಸಲ ನೋಡಿದ್ರಿ.”

ನಾನು ನೋಡಿದ್ದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಯಾರೂ ನನ್ನನ್ನು ಚಪ್ಪಲಿ ಬಿಡುವ ಕಡೆ ಕೂಡಿಸಿರಲಿಲ್ಲ. ಹಾಗೆ ಕೂಡಿಸದಂತೆ ಅಪ್ಪ ಜೀವಮಾನವಿಡೀ ಕಾವಲು ಕೂತಿದ್ದರು. ಆದರೂ ಅವರ ಆ ಹೆದರಿಕೆ ಹೇಗೋ ನನ್ನ ಮೊಣಕಾಲಿಗೆ ಇಳಿದುಬಂದಿತ್ತು.

ಟೀಚರ್ ಹಾಕಿಕೊಟ್ಟ ಕ್ರಮ ಸರಳವಾಗಿತ್ತು. ಮನೆಯಿಂದ ನಾಲ್ಕು ಕೌದಿ ತರಬೇಕು, ಮಡಚಿ ಒಂದರ ಮೇಲೊಂದು ಒಟ್ಟಿ ಅದರ ಮೇಲೆ ಕಾಲು ಮಡಚಿ ಕೂಡಬೇಕು, ಇಪ್ಪತ್ತು ದಿನಕ್ಕೊಮ್ಮೆ ಒಂದು ಕೌದಿ ತೆಗೆಯಬೇಕು. ನಮ್ಮ ಮನೆಯ ಕೌದಿಗಳೆಲ್ಲ ಅವ್ವ ಹೊಲಿದವು. ಎಂಬತ್ತು ದಾಟಿದರೂ ತನ್ನ ಕೌದಿಗಳ ಮೇಲೆ ಅವಳ ಕಣ್ಣಿರುತ್ತದೆ. “ಚಳಿ ಹೋದ ಮ್ಯಾಲ ನನ್ನ ಕೌದಿ ಎತ್ತಾಗ ಹೊಂಟಾವೋ?” ಎಂದು ಒಂದು ಸಂಜೆ ಹಿಡಿದು ಕೇಳಿದಳು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾದರೂ ಅವರ ನಿಯಮ ಮುರಿಯುತ್ತಿದ್ದೇನೆಂದು ಅವಳೆದುರು ಹೇಳಲು ನನಗೆ ಅಳುಕು. ಹೇಗೋ ಹೇಳಿದೆ. ಅವಳು, ಅಪ್ಪನ ಕಾಲದಿಂದಲೂ ಕೂಡುತ್ತ ಬಂದ ಕುರ್ಚಿಯಲ್ಲೇ ಕೂತು, ಬಳ್ಳೊಳ್ಳಿಯ ಎರಡು ಎಸಳು ಸುಲಿದು ತಟ್ಟೆಗೆ ಹಾಕಿದಳು.

“ನೆಲಕ್ಕ ಕೂಡಬ್ಯಾಡ ಅಂತ ಅವ್ರು ಅಂದಿದ್ದಿಲ್ಲೋ. ಕೆಳಗ ಕೂಡು ಅಂತ ಯಾರರ ಹೇಳಿದ್ರ ಕೂಡಬ್ಯಾಡ ಅಂದಿದ್ರು. ನಿಂಗ ಯಾರರ ಹೇಳ್ಯಾರೇನು?”

ಇಲ್ಲ ಎಂದೆ. “ಮತ್ತ?” ಎಂದು ಅವಳು ಮುಂದಿನ ಎಸಳು ಎತ್ತಿಕೊಂಡಳು. ಐವತ್ತೆಂಟು ವರ್ಷದ ಗಂಡಸು ಬಚ್ಚಲಿಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತನೆಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಅವ್ವನ ಮಾತು ಕಿವಿಗೆ ಒಮ್ಮೆಲೇ ಕೇಳಿಸಿತಾದರೂ ಮೊಣಕಾಲಿಗೆ ಕೇಳಿಸಲು ಬಹಳ ದಿನ ಹಿಡಿಯಿತು. ಯುಗಾದಿಗೆ ಎರಡು ಕೌದಿ ಉಳಿದಿದ್ದವು. ಒಂದು ಕೌದಿ ಉಳಿದಾಗ ತೊಡೆಸಂದಿನಲ್ಲಿ ಕಿಡಿ ಹಾರುವಂಥ ನೋವು. ಟೀಚರ್, “ಮುಖ ಹಂಗ ಮಾಡಬ್ಯಾಡ್ರಿ, ಕೆಳಗಿನ ಗಿರಣಿಯವ್ರು ಹೆದರ್ತಾರ” ಎಂದು ರೇಗಿಸುತ್ತಲೇ ನಿತ್ಯವೂ ಎರಡು ನಿಮಿಷ ಹೆಚ್ಚಿಗೆ ಕೂಡಿಸುತ್ತಿದ್ದರು. ನಾನು ಒಂದು ದಿನವೂ ತಪ್ಪಿಸಲಿಲ್ಲ. ಮೆಣಸಿನಕಾಯಿ ಬೀಸುವ ದಿನಗಳಲ್ಲಿ ಕರವಸ್ತ್ರ ಕಟ್ಟಿಕೊಂಡು ಹೋದೆ. ನೂರು ಜನ ಮೆಚ್ಚುವ ತರಗತಿ ಯಾವುದೋ ನನಗೆ ತಿಳಿಯದು. ನಮಗೆ ಹೊಂದುವ ತರಗತಿಯೆಂದರೆ ನಾವು ಇಳಿಯುವಾಗ ಏನು ಮಾಡುತ್ತೇವೆಂಬುದನ್ನು ಕಂಡು ನಗದೆ ಹೇಳುವವರು ಇರುವ ಕಡೆ ಎಂದು ಮಾತ್ರ ಹೇಳಬಲ್ಲೆ.

ವೈಶಾಖ ಹುಣ್ಣಿಮೆಯ ಬೆಳಿಗ್ಗೆ ವಿಹಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದುಗಡೆ ಬಿಳಿ ಬಟ್ಟೆ ಹೊದಿಸಿದ ಕುರ್ಚಿಯೊಂದನ್ನು ಹಿತೈಷಿಗಳು ಇಟ್ಟೇ ಇದ್ದರು. ನಾನು ಅದನ್ನು ಎತ್ತಿ ಹಿಂದಿನ ಗೋಡೆಗೆ ಕಳಿಸಿದೆ. ತುಂಬು ಬಸುರಿಯೊಬ್ಬಳು ಅದರಲ್ಲಿ ಕೂತಳು. ಬಳಿಕ ಜಮಖಾನೆಯ ಮೇಲೆ ಕಾಲು ಮಡಚಿ ಕೂತೆ. ಕೂತು, ಎದುರಿಗಿದ್ದವರ ಮುಖಗಳು ನನ್ನ ಮುಖದ ಮಟ್ಟಕ್ಕೇ ಇರುವುದನ್ನು ಕಂಡ ಮೇಲೆ, ಇಳಿಯುವಾಗ ನಾನು ಸುತ್ತ ನೋಡಿರಲಿಲ್ಲವೆಂಬುದು ಹೊಳೆಯಿತು. ದನಿಗೆ ಸುತ್ತೋಲೆಯ ಗಾಂಭೀರ್ಯ ತಾನೇ ಕೂಡಿಕೊಂಡಿತು. ನಲವತ್ತು ನಿಮಿಷ ಕದಲದೆ ವಂದನೆ ಹೇಳಿಸಿದೆ.

ವಂದನೆ ಮುಗಿದು ಎಲ್ಲರೂ ಎದ್ದರು, ನಾನು ಏಳಲಿಲ್ಲ. ಇಷ್ಟು ತಿಂಗಳು ಇಳಿಯುವುದನ್ನೇ ಧ್ಯಾನಿಸಿದವನಿಗೆ ಇಷ್ಟು ಹೊತ್ತು ಕೂತ ಮೇಲೆ ಏಳುವುದೂ ಒಂದು ವಿದ್ಯೆಯೆಂಬುದು ನೆನಪೇ ಇರಲಿಲ್ಲ. ಸೊಂಟದ ಕೆಳಗೆ ಕಾಲುಗಳಿವೆಯೆಂಬುದು ಬರೀ ನಂಬಿಕೆಯ ವಿಷಯವಾಗಿತ್ತು. ಜನ ಪಾಯಸದ ಸಾಲಿನ ಕಡೆ ಹೊರಟರು. ಎಬ್ಬಿಸಲು ಬಂದ ಇಬ್ಬರನ್ನು, ಸ್ವಲ್ಪ ಹೊತ್ತು ಕೂಡುತ್ತೇನೆಂದು ಕಳಿಸಿದೆ. ವಿಹಾರ ಖಾಲಿಯಾದ ಮೇಲೆ, ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅವ್ವ ಎರಡು ಬಟ್ಟಲು ಹಿಡಿದು ಮೆಲ್ಲಗೆ ಬಂದಳು.

“ಏಳಾಕ ಬರವಲ್ದೇನು?”

“ಬರವಲ್ದು.”

“ಹಂಗಾರ ಇಲ್ಲೇ ಉಣ್ಣು” ಎಂದು ಒಂದು ಬಟ್ಟಲನ್ನು ನನ್ನ ಕೈಗಿತ್ತು, ಸೆರಗು ಸರಿಮಾಡಿಕೊಂಡು, ಗೋಡೆಯನ್ನೂ ಹಿಡಿಯದೆ ನನ್ನೆದುರಿಗೆ ನೆಲಕ್ಕೆ ಕೂತಳು. ಪಾಯಸ ಬಿಸಿಯಾಗಿತ್ತು. ಇಬ್ಬರೂ ಊದಿ ಊದಿ ಉಂಡೆವು. ನಾನು ಹುಟ್ಟಿದಂದಿನಿಂದ ನಾವಿಬ್ಬರೂ ನೆಲಕ್ಕೆ ಕೂತು ಉಂಡದ್ದು ಅದೇ ಮೊದಲು.