ಅತ್ತೆ ಕಂಪ್ಯೂಟರ್ ಆಗಿದ್ದ ದಿನಗಳು

ಎರಡು ಸಾವಿರದ ಇಸವಿಯ ಆಚೀಚೆ. ಕಂಪ್ಯೂಟರ್ ಪ್ರಾಕ್ಟಿಕಲ್ ಪಾಸಾದರೆ ಟೀಚರ್ ಕೆಲಸ ಕೊಡುತ್ತೇವೆಂದು ಮಾಧವರಂನ ಒಂದು ಶಾಲೆಯವರು ನನಗೆ ಮಾತು ಕೊಟ್ಟಿದ್ದರು. ಗಣಿತದ ಡಿಗ್ರಿ ಇಟ್ಟುಕೊಂಡು ಚೆನ್ನೈಗೆ ಸೊಸೆಯಾಗಿ ಬಂದು ಈರುಳ್ಳಿ ಹೆಚ್ಚುತ್ತಿದ್ದವಳಿಗೆ ಇನ್ನೇನು ಬೇಕು!

ರಾಯಪುರಂನ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ನಾಲ್ಕು ಜನಕ್ಕೆ ಒಂದೇ ಕಂಪ್ಯೂಟರ್. ಕೀಬೋರ್ಡು ಸದಾ ಹುಡುಗರ ಕೈಯಲ್ಲಿ. ಕೊಡಿ ಎನ್ನಲು ನನಗೆ ಸಂಕೋಚ, ಹಾಳು ಸಂಕೋಚ. ಹಾಗಾಗಿ ಪ್ರೋಗ್ರಾಮುಗಳನ್ನು ಕಾಗದದ ಮೇಲೆ ಬರೆದು ಮನೆಗೆ ತರುತ್ತಿದ್ದೆ. ಸರಿಯಿದೆಯೋ ಇಲ್ಲವೋ ನೋಡಲು ಅತ್ತೆಯೇ ಕಂಪ್ಯೂಟರ್. ಕುಂದಾಪುರದ ಕಡೆಯವರು, ಗಂಡನ ಹೋಟೆಲ್ ಕೆಲಸದ ಜೊತೆಗೆ ಈ ಊರಿಗೆ ಬಂದವರು. ನಾನು ಬರೆದದ್ದನ್ನು ಓದಿ ಹೇಳುತ್ತಿದ್ದೆ, ಆಮೇಲೆ ಯಾವ ಸಂಖ್ಯೆ ಕೊಟ್ಟರೂ ಅವರು ಅದರಂತೆಯೇ ಉತ್ತರ ಕೊಡುತ್ತಿದ್ದರು.

ಆ ದಿನದ್ದು ಕೋನದ ಹೆಸರು ಹೇಳುವ ಪ್ರೋಗ್ರಾಮು. ತೊಂಬತ್ತಕ್ಕಿಂತ ಕಡಿಮೆಯಾದರೆ ಲಘುಕೋನ, ತೊಂಬತ್ತಕ್ಕಿಂತ ಹೆಚ್ಚಾಗಿ ನೂರ ಎಂಬತ್ತರೊಳಗಿದ್ದರೆ ವಿಶಾಲಕೋನ.

"ನಲವತ್ತು," ಎಂದೆ.

"ಲಘುಕೋನ."

"ನೂರಿಪ್ಪತ್ತು."

"ವಿಶಾಲಕೋನ. ಬೇಗ ಬೇಗ ಕೇಳು, ಬೇಳೆ ಉಕ್ಕುತ್ತದೆ."

"ತೊಂಬತ್ತು."

ಬಾಯಿ ತೆರೆದ ಅತ್ತೆ ಹಾಗೇ ನಿಂತರು. "ಅಯ್ಯೋ ಮಾರಾಯ್ತಿ, ತೊಂಬತ್ತಕ್ಕೆ ಎಂತ ಹೇಳ್ಬೇಕಂತ ನೀನು ಬರೀಲೇ ಇಲ್ಲ! ಅದು ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ."

ಲಂಬಕೋನವನ್ನೇ ಬಿಟ್ಟಿದ್ದೆ! ಇಬ್ಬರೂ ನಕ್ಕೆವು. ಅದನ್ನೂ ಸೇರಿಸಿದ ಮೇಲೆ ಅತ್ತೆ ನನ್ನಿಂದ ಮತ್ತೆ ಮತ್ತೆ ತೊಂಬತ್ತನ್ನೇ ಕೇಳಿಸಿದರು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಗೆದ್ದೆ ಎಂದುಕೊಂಡು ಟೈಪು ಮಾಡಲು ಕೂತೆ. ಕಾಗದದ ಮೇಲೆ ಒಂದೇ ಗೀಟಿನಲ್ಲಿ ಎಳೆಯುತ್ತಿದ್ದ ಸುರುಳಿ ಬ್ರಾಕೆಟ್ ಇಲ್ಲಿ ಬರಲೊಲ್ಲದು. ಒತ್ತಿದಷ್ಟೂ ಚೌಕದ ಬ್ರಾಕೆಟ್ಟೇ ಬಂತು; ಸುರುಳಿಯದಿಲ್ಲದೆ ಪ್ರೋಗ್ರಾಮು ಓಡದು. ಜೊತೆಗೆ ಶಿಫ್ಟ್ ಒತ್ತಬೇಕೆಂಬುದು ನನಗೆ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳುವಂತಿಲ್ಲ. ಅಷ್ಟರಲ್ಲಿ ಪರೀಕ್ಷಕರು ಹಿಂದೆ ಬಂದು ನಿಂತು, "ಟೈಮ್ ಮುಡಿಂಜಿಡುಚ್ಚು ಮಾ, ಎಳುಂದಿರುಂಗ," ಎಂದರು. ಸಮಯ ಮುಗಿದಿತ್ತು, ಏಳಬೇಕಂತೆ. ಎದ್ದೆ.

ಶಾಲೆಯವರು ಇನ್ನೊಬ್ಬಳನ್ನು ತೆಗೆದುಕೊಂಡರು. ಮತ್ತೆಂದೂ ಅಂಥ ಕೆಲಸ ನನ್ನ ಬಾಗಿಲಿಗೆ ಬರಲಿಲ್ಲ. ಆ ಬ್ರಾಕೆಟ್ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪರೀಕ್ಷೆಯ ದಿನ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಅಲ್ಲಿಯವರು ತೊಂಬತ್ತು ಕೊಟ್ಟು ನೋಡಿದ್ರಾ?"

"ಇಲ್ಲ ಅತ್ತೆ. ಅಲ್ಲಿತನಕ ಹೋಗಲೇ ಇಲ್ಲ."

ನಾನು ಅಳತೊಡಗಿದೆ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು.

"ನನ್ನನ್ನೇ ಕರ್ಕೊಂಡು ಹೋಗ್ಬೇಕಿತ್ತು ನೀನು," ಎಂದರು. "ನಾನು ಹೇಳ್ತಿದ್ದೆ."