ಉಬ್ಬುಗಾಜಿನ ಟ್ಯಾಂಕಿಗೆ ಟ್ಯೂಬ್‌ಲೈಟು

ಇವತ್ತು ಕಡಬದಲ್ಲಿ ನಮ್ಮ ಭಾವನ ಮೀನೂಟದ ಹೋಟೆಲಿನಲ್ಲಿ ಆದದ್ದು ಕೇಳಿ ಮಾರಾಯ್ರೆ. ಭಾವ ಮಂಗಳೂರಿನಿಂದ ಒಂದು ಮೀನಿನ ಟ್ಯಾಂಕ್ ತಂದಿದ್ದಾರೆ. ಅದರ ಎದುರಿನ ಗಾಜು ಭಾವನ ಹೊಟ್ಟೆಯ ಹಾಗೆಯೇ ಮುಂದೆ ಉಬ್ಬಿಕೊಂಡು ಉಂಟು. ಒಳಗೆ ಕ್ಯಾನಿನಲ್ಲಿ ತುಂಬಿಸಿ ಬಸ್ಸಿಗೆ ಹಾಕಿ ತಂದ ಸಮುದ್ರದ ನೀರು, ಬಣ್ಣದ ಮೀನು. ಅದಕ್ಕೆ ಲೈಟು ಹಾಕುದು ವಯರಿಂಗ್ ಕೆಲಸದ ನಾನು.

ಮೊದಲು ದೊಡ್ಡ ಬಲ್ಬು ಹಾಕಿದೆ. "ನೀರು ಬಿಸಿ ಆಗ್ತದೆ. ಬೇಯಿಸಲಿಕ್ಕೆ ಅಡುಗೆಮನೆ ಬೇರೆ ಉಂಟಲ್ಲ" ಅಂದರು ಭಾವ. ಕೆಂಪು ಬಲ್ಬು ಹಾಕಿದೆ. "ಮೀನು ಆಗಲೇ ಗಸಿಯ ಮಸಾಲೆಗೆ ಬಿದ್ದ ಹಾಗೆ ಕಾಣ್ತದೆ" ಅಂದಳು ಅಕ್ಕ. ಕಡೆಗೆ ಟ್ಯೂಬ್‌ಲೈಟು. ಸ್ಟಾರ್ಟರ್ ಮಿಣಮಿಣ ಮಾಡಿ ಹತ್ತಿದ್ದೇ ತಡ, ಆ ಉಬ್ಬುಗಾಜಿನಲ್ಲಿ ಅಂಗೈಯಷ್ಟು ಇರುವ ಮೀನು ಊಟದ ತಟ್ಟೆಯಷ್ಟು ಕಂಡಿತು.

ಅಷ್ಟೊತ್ತಿಗೆ ರಬ್ಬರ್ ತೋಟದ ವರ್ಕಿಚೇಟ ಊಟಕ್ಕೆ ಬಂದರು. ಕೂತವರೇ ಟ್ಯಾಂಕಿಗೆ ಬೆರಳು ತೋರಿಸಿ, "ನನಗೆ ಅದು, ಖಾರ ಹಾಕಿ ಫ್ರೈ" ಅಂದರು.

"ಅದು ನೋಡ್ಲಿಕ್ಕೆ" ಅಂದರು ಭಾವ.

"ಊಟದ ಹೋಟೆಲಲ್ಲಿ ನೋಡ್ಲಿಕ್ಕೆ ಮೀನು ಎಂತಕ್ಕೆ ಮಾರಾಯ್ರೆ?"

ಭಾವ ಒಳಗಿನಿಂದ ಬಂಗುಡೆ ಮೀನಿನ ಫ್ರೈ ತಂದಿಟ್ಟರು. ವರ್ಕಿಚೇಟ ತಟ್ಟೆ ನೋಡಿದರು, ಟ್ಯಾಂಕ್ ನೋಡಿದರು.

"ಕಾಯಿಸಿದರೆ ಇಷ್ಟು ಸಣ್ಣ ಆಗ್ತದಾ?"

ಪಕ್ಕದ ಮೇಜಿನವರೂ ತಮ್ಮ ತಟ್ಟೆ ನೋಡಿಕೊಂಡರು.

ಸಂಜೆ ಭಾವ ಆ ಲೈಟನ್ನು ನನ್ನಿಂದಲೇ ಬಿಚ್ಚಿಸಿ ಊಟದ ಮೇಜಿನ ಮೇಲೆ ಹಾಕಿಸಿದರು. ಬಂಗುಡೆ ಏನೂ ದೊಡ್ಡದಾಗಲಿಲ್ಲ. ಮುಳ್ಳು ಮಾತ್ರ ಈಗ ಚೆನ್ನಾಗಿ ಕಾಣ್ತದೆ.