ಕೊನೆಯ ಪ್ರಶ್ನೆಗೆ ಯಾರೂ ಕೈ ಎತ್ತಬಾರದು

ಮೊನ್ನೆ ಹೊನವಾಡದ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕುಳಿತ ಹುಡುಗಿಯ ತೊಡೆಯ ಮೇಲೆ ಥರ್ಮಾಕೋಲಿನ ದೊಡ್ಡದೊಂದು ಹೃದಯವಿತ್ತು. ಬಳಿದ ಕೆಂಪು ಬಣ್ಣ ಇನ್ನೂ ಒಣಗಿರಲಿಲ್ಲ, ನನ್ನ ಸೀರೆಗೂ ಹತ್ತಿತು. ಬಿ.ಇಡಿ. ಓದುವ ಹುಡುಗಿ. ಅಂದು ಅವಳ ಪಾಠದ ಪರೀಕ್ಷೆಯಂತೆ. ನಾನು ಟಿಕೋಟಾ ಕಡೆಯ ಶಾಲೆಯೊಂದರಲ್ಲಿ ಟೀಚರ್ ಎಂದು ಗೊತ್ತಾದ ಮೇಲೆ ಮಾತಿಗೆ ಬಂದಳು. ತಯಾರಿ ಆಗೇತೇನವಾ ಎಂದು ಕೇಳಿದೆ.

"ಎಲ್ಲಾ ಆಗೇತ್ರಿ ಮೇಡಂ. ದಡ್ಡ ಹುಡುಗೂರನ್ನ ಹೊರಗ ಕಳಸ್ತೀವಿ ಅಂತ ಸಾಲಿಯವರು ಅಂದಾರ. ಇನ್ನೇನ್ ಚಿಂತಿಲ್ರಿ."

ನಗುನಗುತ್ತಲೇ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲೆ ಸಿಟ್ಟಾಗಿ ಏನು ಮಾಡುವುದು, ಅವಳಿಗೆ ಕಲಿಸಿದ್ದೇ ಅದು. ಆದರೆ ಇಷ್ಟು ವರ್ಷವಾದರೂ ಈ ಹಾಳು ಪದ್ಧತಿ ಇನ್ನೂ ಗಟ್ಟಿಮುಟ್ಟಾಗಿ ಇದೆಯಲ್ಲ! ಟಿಕೋಟಾ ಬರುವ ತನಕ ಕಿಟಕಿಯಾಚೆಯ ದ್ರಾಕ್ಷಿ ಪಡಗಳನ್ನು ನೋಡುತ್ತ, ಹಲ್ಲು ಕಚ್ಚಿಕೊಂಡು ಕುಳಿತೆ.

ನಾನು ಬಿ.ಇಡಿ. ಮಾಡಿದ್ದು ವಿಜಯಪುರದಲ್ಲಿ. ಜಲನಗರದ ನಮ್ಮ ಮನೆಯಿಂದ ಕಾಲೇಜಿಗೆ ಸ್ಕೂಟಿ, ಪಾಠ ಮಾಡಿ ಕಲಿಯಲು ಕಳಿಸಿದ ಶಾಲೆಗೆ ಬಸ್ಸು. ಬಬಲೇಶ್ವರ ದಾಟಿದ ಮೇಲೆ ಒಂದು ಹಳ್ಳಿ, ಅಂಗಳದಲ್ಲಿ ಬೇವಿನ ಗಿಡವಿದ್ದ ಸರಕಾರಿ ಶಾಲೆ. ನಮ್ಮ ಒಂದು ಗುಂಪನ್ನೇ ಅಲ್ಲಿಗೆ ಹಾಕಿದ್ದರು. ನನ್ನದು ಗಣಿತ, ನನಗೆ ಸಿಕ್ಕಿದ್ದು ಆರನೆಯ ತರಗತಿ.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕುರಿ ಕಾಯುವ ಮನೆಯವಳು. ಕೊನೆಯ ಸಾಲಿನಲ್ಲಿ, ಗೋಡೆಗೆ ಆತು ಕುಳಿತಿರುತ್ತಿದ್ದಳು. ಮೊದಲ ದಿನವೇ ತರಗತಿಯ ಮಾಸ್ತರರು ನನಗೆ ತೋರಿಸಿ ಹೇಳಿದರು, "ಅದರ ಗೊಡವಿ ಬಿಡ್ರಿ ಮೇಡಂ. ತಲ್ಯಾಗ ಏನೂ ಹೋಗಂಗಿಲ್ಲ." ಅವಳು ಕೇಳಿಸಿಕೊಳ್ಳುವಂತೆಯೇ ಹೇಳಿದರು.

ಹೋಗುತ್ತಿತ್ತು. ತಡವಾಗಿ ಹೋಗುತ್ತಿತ್ತು, ಅಷ್ಟೇ. ನಾನು ಒಂದು ಪ್ರಶ್ನೆ ಕೇಳಿ, ಉತ್ತರ ಬಾರದೆ ಮುಂದೆ ಹೋಗಿ, ಇನ್ನೊಂದು ಲೆಕ್ಕ ಅರ್ಧ ಬಿಡಿಸಿರುತ್ತಿದ್ದೆ. ಆಗ ಹಿಂದಿನಿಂದ "ಹನ್ನೆರಡ ರೀ ಟೀಚರ್" ಎಂದು ಸಣ್ಣ ದನಿ ಬರುತ್ತಿತ್ತು. ಹಳೆಯ ಪ್ರಶ್ನೆಯ ಉತ್ತರ! ಮಕ್ಕಳೆಲ್ಲ ಹೋ ಎಂದು ನಗುತ್ತಿದ್ದರು. ಉತ್ತರ ಸರಿ ಇರುತ್ತಿತ್ತೆಂಬುದು ಮಾತ್ರ ಯಾರ ಲಕ್ಷ್ಯಕ್ಕೂ ಬರುತ್ತಿರಲಿಲ್ಲ. ಕೆಲ ದಿನಗಳಾದ ಮೇಲೆ ನಾನು ಕೇಳಿ ಸುಮ್ಮನೆ ನಿಲ್ಲುವುದನ್ನು ಕಲಿತೆ. ಅವಳ ತುಟಿ ಅಲುಗುತ್ತಿತ್ತು, ಬೆರಳು ಲಂಗದ ಮೇಲೆ ಏನೋ ಬರೆಯುತ್ತಿತ್ತು, ಆಮೇಲೆ ಉತ್ತರ ಬರುತ್ತಿತ್ತು. ಆದರೆ ತಾನಾಗಿ ಕೈ ಎತ್ತುತ್ತಿರಲಿಲ್ಲ. ಒಮ್ಮೆಯೂ ಇಲ್ಲ.

ಪಾಠದ ಪರೀಕ್ಷೆ ಅಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಬೇರೆ ಊರಿನ ಕಾಲೇಜಿನಿಂದ ವಿಶ್ವವಿದ್ಯಾಲಯ ಒಬ್ಬ ಪರೀಕ್ಷಕರನ್ನು ಕಳಿಸುತ್ತದೆ. ಅವರು ಹಿಂದೆ ಕುಳಿತು ನಾವು ಪಾಠ ಮಾಡುವುದನ್ನು ನೋಡಿ ಅಂಕ ಹಾಕುತ್ತಾರೆ. ನೋಡುವುದೆಂದರೆ ಎಷ್ಟು ಹೊತ್ತು? ಕೈಯಲ್ಲಿನ ಚಹಾ ಆರುವಷ್ಟು ಹೊತ್ತು. ಹಾಗಾಗಿ ಅವರು ಕಾಣುವುದು ಬಹುತೇಕ ಪೀಠಿಕೆಯನ್ನೇ. ಪೀಠಿಕೆ ಎಂದರೆ ಪಾಠಕ್ಕೆ ಮುನ್ನ ಕೇಳುವ ಪ್ರಶ್ನೆಗಳು. ಮಕ್ಕಳಿಗೆ ಗೊತ್ತಿರುವುದನ್ನು ಒಂದೊಂದಾಗಿ ಕೇಳುತ್ತ ಹೋಗಬೇಕು. ಕೊನೆಯದು ಸಮಸ್ಯೆಯ ಪ್ರಶ್ನೆ, ಅದು ಮಕ್ಕಳಿಗೆ ಗೊತ್ತಿರಬಾರದು. ಎಲ್ಲರೂ ಪಿಳಿಪಿಳಿ ನೋಡಬೇಕು. ಆಗ ನಾವು ನಗುತ್ತ, "ಹಾಗಾದರೆ ಮಕ್ಕಳೇ, ಇಂದು ಇದನ್ನೇ ಕಲಿಯೋಣ" ಎಂದು ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಬೇಕು.

ಈ ನಾಟಕಕ್ಕೆ ತಾಲೀಮು ಬೇರೆ! ಅದೇ ಪಾಠ, ಅದೇ ಮಕ್ಕಳು, ವಾರಗಟ್ಟಲೆ. ನನ್ನದು ಭಿನ್ನರಾಶಿಗಳನ್ನು ಕೂಡಿಸುವ ಪಾಠ. ನಾನು ಬಾಯಿ ತೆರೆಯುವ ಮುಂಚೆಯೇ ಮುಂದಿನ ಸಾಲಿನವರು "ಅರ್ಧಾ ರೀ, ಕಾಲ ರೀ" ಎಂದು ಕೂಗತೊಡಗಿದ್ದರು. ನಮ್ಮ ಗಣಿತದ ಪ್ರಾಧ್ಯಾಪಕರು ಕಾಲೇಜಿನಿಂದ ಬಂದು ಬಾಗಿಲಲ್ಲಿ ನಿಂತು ಮಕ್ಕಳಿಗೆ ತಾಕೀತು ಮಾಡಿದರು.

"ಕೊನೇ ಪ್ರಶ್ನಿಗೆ ಯಾರೂ ಕೈ ಎತ್ತಬಾರದು. ಗೊತ್ತಿದ್ರೂ ಸುಮ್ಕುಂಡ್ರಬೇಕು. ಕೇಳಿಸ್ತೇನ್ರಲೇ?"

"ಹೂನ್ರಿ ಸರ್!"

ಆ ಹುಡುಗಿಯ ಕಿವಿಗೆ ಇದು ಬೀಳಲಿಲ್ಲ. ತಾಲೀಮಿನ ಹೊತ್ತಿಗೆ ಅವಳನ್ನೂ ಅವಳಂಥ ಇನ್ನು ಕೆಲವರನ್ನೂ ಹೊರಗೆ ಗಿಡಗಳಿಗೆ ನೀರು ಹಾಕಲು ಹಚ್ಚುತ್ತಿದ್ದರು. ಗೊತ್ತಿಲ್ಲದವರನ್ನು ಹೊರಗೆ ದಬ್ಬಿ, ಗೊತ್ತಿರುವವರಿಗೆ ಗೊತ್ತಿಲ್ಲದವರ ಹಾಗೆ ನಟಿಸಲು ಹೇಳಿಕೊಡುವ ಈ ವಿದ್ಯೆಗೆ ಶಿಕ್ಷಕರ ಶಿಕ್ಷಣ ಎಂದು ಹೆಸರು. ಥೂ!

ನನಗೆ ತಡೆಯಲಾಗಲಿಲ್ಲ. "ಸರ್, ಗೊತ್ತಿದ್ದದ್ದನ್ನ ಹೇಳಬ್ಯಾಡ ಅಂತ ಕಲಸೋದು ಯಾವ ಪಾಠರೀ ಇದು?" ಎಂದು ಕೇಳಿಯೇಬಿಟ್ಟೆ.

"ಏ ತಂಗಿ, ನಿನಗ ಮಾರ್ಕ್ಸ್ ಬೇಕೋ ಬ್ಯಾಡೋ?" ಎಂದರು.

ಬೇಕಾಗಿತ್ತು. ನೌಕರಿಯ ಆಯ್ಕೆಯಲ್ಲಿ ಬಿ.ಇಡಿ. ಅಂಕವೂ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಎಲ್ಲರೂ ಅದರ ಮೇಲೆಯೇ ಕಣ್ಣಿಟ್ಟು ಕುಳಿತಿದ್ದರು.

ಪರೀಕ್ಷೆಯ ದಿನ ಆ ಹುಡುಗಿ ಒಗೆದ ಯೂನಿಫಾರ್ಮ್ ಹಾಕಿಕೊಂಡು, ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿಕೊಂಡು ಬಂದಿದ್ದಳು. ನಾನು ಚಾರ್ಟ್ ತೂಗುಹಾಕುತ್ತಿದ್ದಾಗ ಬಾಗಿಲ ಹತ್ತಿರ ನಿಂತಳು.

"ಟೀಚರ್, ಇವತ್ತ ನಾನೂ ಒಳಗ ಕುಂಡ್ರಲೇನ್ರಿ?"

ಅದು ಅವಳದೇ ತರಗತಿ. ತನ್ನ ತರಗತಿಯಲ್ಲಿ ಕೂಡಲು ಒಂದು ಮಗು ಅಪ್ಪಣೆ ಕೇಳಬೇಕೇ? "ಕುಂಡ್ರು, ನಿನ್ನ ಜಾಗಾದಾಗ ಕುಂಡ್ರು" ಎಂದೆ. ಮಾಸ್ತರರು ಆಚೆಯಿಂದ ಕಣ್ಸನ್ನೆ ಮಾಡಿದರು. ನಾನು ನೋಡದವಳಂತೆ ಚಾರ್ಟಿನ ಮೊಳೆ ಬಡಿದೆ.

ಪರೀಕ್ಷಕರು ಬಂದರು. ನಮ್ಮ ಗುಂಪಿನ ಹುಡುಗಿಯರು ಮನೆಯಿಂದ ಮಾಡಿ ತಂದಿದ್ದ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಟಕ ರೊಟ್ಟಿ ಆಫೀಸಿನಲ್ಲಿ ಅವರಿಗಾಗಿ ಕಾದಿದ್ದವು. ಇದೂ ಒಂದು ಪದ್ಧತಿ. ಅವರು ಚಹಾದ ಕಪ್ಪು ಹಿಡಿದುಕೊಂಡೇ ನನ್ನ ತರಗತಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತರು, ನಮ್ಮ ಪ್ರಾಧ್ಯಾಪಕರು ಅವರ ಪಕ್ಕದಲ್ಲಿ.

ರೊಟ್ಟಿಯ ಚಿತ್ರ ತೋರಿಸಿ ಶುರು ಮಾಡಿದೆ. ಎರಡು ಸಮಭಾಗ ಮಾಡಿದರೆ ಒಂದು ಭಾಗ ಎಷ್ಟು? ಅರ್ಧ. ನಾಲ್ಕು ಮಾಡಿದರೆ? ಕಾಲು. ಉತ್ತರಗಳು ಪಟಪಟ ಬಂದವು. ಪರೀಕ್ಷಕರು ತಲೆ ಆಡಿಸಿದರು. ಕೊನೆಗೆ ಕೇಳಿದೆ, "ಅರ್ಧ ರೊಟ್ಟಿಗೆ ಕಾಲು ರೊಟ್ಟಿ ಕೂಡಿಸಿದರೆ ಎಷ್ಟಾಗುತ್ತದೆ?"

ತರಗತಿ ಗಪ್ಪಾಯಿತು. ದಿನಾ ರೊಟ್ಟಿ ತಿನ್ನುವ ಮಕ್ಕಳು, ಅಂಗಡಿಯಿಂದ ಮುಕ್ಕಾಲು ಕೆಜಿ ಸಕ್ಕರೆ ತರುವ ಮಕ್ಕಳು, ಹೇಳಿಕೊಟ್ಟಂತೆ ಬಾಯಿ ಮುಚ್ಚಿಕೊಂಡು ಕುಳಿತಿದ್ದವು. ನಾನು ಬೋರ್ಡಿನ ಕಡೆ ತಿರುಗಬೇಕಿತ್ತು. ಆಗ ಗೋಡೆಯ ಹತ್ತಿರ ಒಂದು ಕೈ ಮೇಲೆದ್ದಿತು.

ತಿರುಗಿಬಿಟ್ಟಿದ್ದರೆ ನನ್ನ ಅಂಕ ನನಗೆ ಸಿಗುತ್ತಿದ್ದವು. ಆದರೆ ಅದು ಅವಳ ಕೈ. ಅಷ್ಟು ದಿನ ನಾನು ಕಾದಿದ್ದೇ ಆ ಕೈಗಾಗಿ. "ಹೇಳವಾ" ಎಂದೆ.

ಎದ್ದು ನಿಂತಳು. "ಮುಕ್ಕಾಲ ರೀ."

"ಹೆಂಗ?"

ತುಟಿ ಅಲುಗಿತು. ನಾನು ಕಾದೆ. "ಅರ್ಧಾ ಅಂದ್ರ ಎರಡ ಕಾಲ ರೀ. ಇನ್ನೊಂದ ಕಾಲ ಕೂಡಿದ್ರ ಮೂರ ಕಾಲ ಆತಲ್ರಿ."

ಅಷ್ಟೇ ನನ್ನ ಪಾಠ! ಚಾರ್ಟು ಹಚ್ಚಿ, ಬಣ್ಣದ ಕಾಗದ ಕತ್ತರಿಸಿ ನಾನು ಹೇಳಬೇಕಾಗಿದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗ ಹಿಂದಕ್ಕೆ ತಿರುಗಿ, "ಏ, ಹೇಳಬಾರದ ಬೇ ಅದನ್ನ! ಸರ್ ಬೈತಾರ!" ಎಂದು ಗದರಿದ. ಇಡೀ ಕೋಣೆಗೆ ಕೇಳಿಸಿತು.

ಇಷ್ಟಾದ ಮೇಲೂ ಪರೀಕ್ಷಕರಿಗೆ ನಾಚಿಕೆಯಾಗಲಿಲ್ಲ. ಕಪ್ಪು ಕೆಳಗಿಟ್ಟು ನನಗೇ ಕೇಳಿದರು, "ಏನ್ ಮೇಡಂ, ಸಮಸ್ಯಾ ಪ್ರಶ್ನೀನ ಕೆಡಿಸಿಬಿಟ್ರಲ್ಲ. ಹುಡುಗೂರಿಗೆ ಮೊದಲ ಗೊತ್ತಿದ್ರ ನೀವೇನ್ ಕಲಸ್ತೀರಿ?"

"ಸರ್, ಉತ್ತರ ಸರಿ ಐತ್ರಿ."

"ಸರಿ ತಪ್ಪಿನ ಮಾತಲ್ಲ ಅದು. ಪಾಠಯೋಜನಾ ಹೆಂಗ ಬರದೀರಿ ಹಂಗ ನಡೀಬೇಕು." ನಮ್ಮ ಪ್ರಾಧ್ಯಾಪಕರ ಕಡೆ ತಿರುಗಿ, ಅವಳತ್ತ ಬೆರಳು ಮಾಡಿದರು. "ತಯಾರ್ ಮಾಡಲಾರದವರನ್ನ ಯಾಕ್ರೀ ಒಳಗ ಕುಂಡ್ರಿಸ್ತೀರಿ?"

"ಹೊರಗ ಕಳಸ್ರಿ ಅಂತ ಹೇಳಿದ್ನಿರಿ ಸರ್. ಕೇಳ್ಬೇಕಲ್ಲ ಇವ್ರು."

ಅವಳು ಇನ್ನೂ ನಿಂತೇ ಇದ್ದಳು. ಕೂಡು ಎಂದು ಯಾರೂ ಹೇಳಿರಲಿಲ್ಲ. ಅವರಿಬ್ಬರೂ ಎದ್ದು ಹೋದರು. "ಶಾಬಾಸ್, ಬರೋಬ್ಬರಿ ಹೇಳಿದಿ" ಎಂದು ನಾನು ಗಟ್ಟಿಯಾಗಿಯೇ ಅಂದೆ, ಎಲ್ಲರಿಂದ ಚಪ್ಪಾಳೆಯನ್ನೂ ಹೊಡೆಸಿದೆ. ಅವಳು ನನ್ನನ್ನು ನೋಡಲಿಲ್ಲ, ಬಾಗಿಲನ್ನು ನೋಡುತ್ತಿದ್ದಳು.

ಅಂಕ ಕತ್ತರಿಸಿದರು. ಕತ್ತರಿಸಲಿ, ಹಾಳಾಗಿ ಹೋಗಲಿ. ನೌಕರಿ ತಡವಾಗಿ ಸಿಕ್ಕಿತು, ಆದರೂ ಸಿಕ್ಕಿತು. ನಾನು ಇವತ್ತಿಗೂ ಮರೆಯದಿರುವುದು ಅದನ್ನಲ್ಲ.

ಊಟವಾದ ಮೇಲೆ ಅದೇ ಕೋಣೆಯಲ್ಲಿ ನನ್ನ ಗೆಳತಿಯ ವಿಜ್ಞಾನದ ಪಾಠವಿತ್ತು. ಅವಳ ಚಾರ್ಟ್ ಕಟ್ಟಲು ನಾನು ಕೈ ಹಚ್ಚಿದ್ದೆ. ಹುಡುಗಿ ಗೋಡೆಯ ಹತ್ತಿರ ತನ್ನ ಜಾಗದಲ್ಲೇ ಇದ್ದಳು. ಅಂಗಳದಲ್ಲಿ ಪರೀಕ್ಷಕರ ಮಾತು ಕೇಳಿಸಿತು. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಹೋಗು ಎಂದು ಯಾರೂ ಹೇಳಿರಲಿಲ್ಲ.

"ಎಲ್ಲಿಗವಾ? ಕುಂಡ್ರು" ಎಂದೆ.

"ಸಾಹೇಬ್ರು ಬರಾಕತ್ತಾರಲ್ರಿ ಟೀಚರ್" ಎಂದಳು. "ನಾ ಹೊರಗಿರ್ತೀನ್ರಿ."

ನಾನು ಮೊಳೆ ಸುತ್ತಿಗೆ ಬಿಟ್ಟು ಅವಳ ಕಡೆ ಹೋಗುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು. ಚಾರ್ಟ್ ಗಾಳಿಗೆ ಹಾರಬಾರದೆಂದು ಬಾಗಿಲನ್ನೂ ತಾನೇ ಎಳೆದುಕೊಂಡು ಹೋದಳು.